ಶಿಕ್ಷಕರನ್ನು ರೂಪಿಸಿದ ಶಿಕ್ಷಕಿ: ಸೆಪ್ಟಿಮಾ ಕ್ಲಾರ್ಕ್

ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಹೇಳಲು ಮುಂದೆ ಬರುವ ತಾಯಿತಂದೆಯರನ್ನು ಸಿದ್ಧಗೊಳಿಸುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ತಾವು ಶಿಕ್ಷಕ ತರಬೇತಿ ಪಡೆದವರಲ್ಲ ಎಂಬ ಅಳುಕು ಅವರಲ್ಲಿ ಬಹುಮಂದಿಗೆ ಇರುತ್ತಿತ್ತು. ಅದಕ್ಕೆ ಉತ್ತರವನ್ನು ಹುಡುಕುತ್ತಿದ್ದಾಗ ನಾವು ನೆಲೆಸಿರುವ ಈ ಅಮೆರಿಕದಲ್ಲಿಯೇ ಬಾಳಿಹೋದ ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್ ಅವರ ಜೀವನ ನನಗೆ ಪರಿಚಯವಾಯಿತು.

ಸೆಪ್ಟಿಮಾ ಅವರು 1898ರ ಮೇ 3ರಂದು ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್ ನಗರದಲ್ಲಿ ಜನಿಸಿದರು. ತಂದೆ ಪೀಟರ್ ಗುಲಾಮರಾಗಿ ಹುಟ್ಟಿದವರು; ಹೈಟಿಯಲ್ಲಿ ಬೆಳೆದ ತಾಯಿ ವಿಕ್ಟೋರಿಯಾ ಬಟ್ಟೆ ಒಗೆದು ಸಂಸಾರಕ್ಕೆ ನೆರವಾದವರು. ಮಗಳು ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ 1916ರಲ್ಲಿ ಶಿಕ್ಷಕಿಯಾಗುವ ಅರ್ಹತೆ ಪಡೆದರು. ಆದರೆ ಚಾರ್ಲ್ಸ್ಟನ್ನಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ವರ್ಣದ ಶಿಕ್ಷಕರಿಗೆ ಅವಕಾಶವಿರಲಿಲ್ಲ. ಹೀಗಾಗಿ ಹದಿನೆಂಟರ ಹರೆಯದಲ್ಲಿ ಅವರು ಸಮೀಪದ ಜಾನ್ಸ್ ದ್ವೀಪಕ್ಕೆ ಹೊರಟರು.

ಅಲ್ಲಿನ ಶಾಲೆಯಲ್ಲಿ 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ರಸ್ತೆಯ ಆಚೆ ಇದ್ದ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿಗೆ ಒಬ್ಬ ಶಿಕ್ಷಕಿ. ಆಕೆಯ ಸಂಬಳ ಇವರಿಬ್ಬರ ಸಂಬಳವನ್ನು ಕೂಡಿಸಿದರೂ ಹೆಚ್ಚು. ದ್ವೀಪದ ಜನರು ಗಲ್ಲಾ ಎಂಬ ತಮ್ಮದೇ ನುಡಿಯನ್ನಾಡುತ್ತಿದ್ದರು. ಪಠ್ಯಪುಸ್ತಕಗಳ ಕೊರತೆಯಲ್ಲಿ ಸೆಪ್ಟಿಮಾ ಅವರು ಮಕ್ಕಳ ಸುತ್ತಲಿನ ಬದುಕನ್ನೇ ಕಥೆಗಳನ್ನಾಗಿಸಿ, ಕಾಗದದ ಚೀಲಗಳ ಮೇಲೆ ಬರೆದು ಓದಿಸಿದರು. ಸಂಜೆಯ ಹೊತ್ತು ದೊಡ್ಡವರಿಗೂ ಅಕ್ಷರ ಕಲಿಸಿದರು. ಮುಂದಿನ ಅವರ ಸಾಧನೆಯ ಬೀಜ ಇಲ್ಲಿಯೇ ಇದೆಯೆಂದು ನನ್ನ ಭಾವನೆ.

1919ರಲ್ಲಿ ಚಾರ್ಲ್ಸ್ಟನ್ನಿಗೆ ಮರಳಿ, ಎನ್‌ಎಎಸಿಪಿ ಸಂಘಟನೆಯ ಪರವಾಗಿ ಮನೆಮನೆಗೆ ತಿರುಗಿ ಸಹಿ ಸಂಗ್ರಹಿಸಿದರು. ಮರುವರ್ಷ ನಗರದ ಸರ್ಕಾರಿ ಶಾಲೆಗಳ ಬಾಗಿಲು ಕಪ್ಪು ಶಿಕ್ಷಕರಿಗೆ ತೆರೆಯಿತು. ನೌಕಾಪಡೆಯಲ್ಲಿದ್ದ ನೇರಿ ಕ್ಲಾರ್ಕ್ ಅವರೊಡನೆ ಮದುವೆಯಾಯಿತು. ಆದರೆ 1925ರಲ್ಲಿ ಪತಿ ತೀರಿಕೊಂಡರು. ಒಬ್ಬ ಮಗನ ಹೊಣೆ ಹೊತ್ತು ಕೊಲಂಬಿಯಾದಲ್ಲಿ ದುಡಿಯುತ್ತಲೇ 1942ರಲ್ಲಿ ಬೆನೆಡಿಕ್ಟ್ ಕಾಲೇಜಿನಿಂದ ಪದವಿಯನ್ನೂ 1946ರಲ್ಲಿ ಹ್ಯಾಂಪ್ಟನ್ನಿನಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು.

1956ರಲ್ಲಿ ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರಬಾರದೆಂದು ರಾಜ್ಯ ಕಾನೂನು ಮಾಡಿತು. ಸದಸ್ಯತ್ವವನ್ನು ಮುಚ್ಚಿಡಲೊಪ್ಪದ ಸೆಪ್ಟಿಮಾ ಅವರು ನಲವತ್ತು ವರ್ಷಗಳ ಸೇವೆಯ ಬಳಿಕ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡರು. ತಮ್ಮೊಡನೆ ನಿಲ್ಲಬೇಕೆಂದು ಏಳುನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರಿಗೆ ಪತ್ರ ಬರೆದರು. ಓಗೊಟ್ಟವರು ಬೆರಳೆಣಿಕೆಯಷ್ಟು ಮಂದಿ. ಅದಕ್ಕಾಗಿ ಅವರು ಆ ಶಿಕ್ಷಕರನ್ನು ದೂರಲಿಲ್ಲ. ಜನರನ್ನು ಮೊದಲು ಸಿದ್ಧಗೊಳಿಸದೆ ಮುಂದಕ್ಕೆ ತಳ್ಳಿದ್ದು ತಮ್ಮದೇ ಸೋಲೆಂದು ಬಗೆದರು. ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ ಘಟ್ಟ ಇದು.

ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಮೈಲ್ಸ್ ಹಾರ್ಟನ್ ಅವರನ್ನು ಕಾರ್ಯಾಗಾರಗಳ ನಿರ್ದೇಶಕಿಯಾಗಿ ಬರಮಾಡಿಕೊಂಡರು. ಆ ಕಾಲಕ್ಕೆ ದಕ್ಷಿಣ ಕೆರೊಲಿನಾದಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳಲು ರಾಜ್ಯ ಸಂವಿಧಾನದ ಭಾಗವನ್ನು ಓದಿ ತೋರಿಸಬೇಕಿತ್ತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ ಅಲ್ಲಿ ಗುಣಾಕಾರದ ಗುರುತು ಹಾಕುತ್ತಿದ್ದವರಿಗೆ ಅದು ದಾಟಲಾಗದ ಗೋಡೆ. ಜಾನ್ಸ್ ದ್ವೀಪದ ಬಸ್ ಚಾಲಕ ಇಸಾವ್ ಜೆಂಕಿನ್ಸ್ ತಮ್ಮ ಪ್ರಯಾಣಿಕರಿಗೆ ಬಸ್ಸಿನಲ್ಲಿಯೇ ಪಾಠ ಹೇಳುತ್ತಿದ್ದರು. ಅವರ ಕೋರಿಕೆಯಂತೆ 1957ರ ಜನವರಿಯಲ್ಲಿ ಮೊದಲ ಪೌರತ್ವ ಶಾಲೆ ಆರಂಭವಾಯಿತು. ಬಿಳಿಯರ ಕಣ್ಣಿಗೆ ಬೀಳದಂತೆ ಮುಂದೆ ಸಹಕಾರಿ ಅಂಗಡಿ, ಹಿಂದೆ ತರಗತಿ.

ಅಲ್ಲಿಗೆ ಸೆಪ್ಟಿಮಾ ಅವರು ಆರಿಸಿದ ಶಿಕ್ಷಕಿ ಅವರ ಬಂಧು ಬರ್ನೀಸ್ ರಾಬಿನ್ಸನ್. ವೃತ್ತಿಯಲ್ಲಿ ಕೇಶಾಲಂಕಾರ ಮಾಡುವವರು. ಅನಕ್ಷರಸ್ಥ ಹಿರಿಯರನ್ನು ಕೀಳಾಗಿ ಕಾಣದೆ ಅವರ ಮಾತನ್ನು ಕೇಳಬಲ್ಲವರು ಬೇಕಾಗಿದ್ದುದೇ ಈ ಆಯ್ಕೆಗೆ ಕಾರಣ. ಬರ್ನೀಸ್ ಅವರು ತಂದ ಮಕ್ಕಳ ಪುಸ್ತಕಗಳು ದೊಡ್ಡವರಿಗೆ ಒಗ್ಗಲಿಲ್ಲ. ಏನನ್ನು ಕಲಿಯಬೇಕೆಂದು ಕಲಿಯುವವರನ್ನೇ ಕೇಳಲಾಯಿತು. ಸಹಿ ಹಾಕುವುದು, ಬೈಬಲ್ ಓದುವುದು, ಮನಿ ಆರ್ಡರ್ ತುಂಬುವುದು, ಮತದಾರರ ಅರ್ಜಿ ಬರೆಯುವುದು ಪಾಠಗಳಾದವು. ರಟ್ಟಿನ ಮೇಲೆ ಬರೆದ ಹೆಸರನ್ನು ಮತ್ತೆ ಮತ್ತೆ ತಿದ್ದಿಸಿ ಕೈಯನ್ನು ಪಳಗಿಸಿದರು. ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಹಿಂದಿನ ಮಠಗಳ ನೆನಪನ್ನು ಅದು ತರುತ್ತದೆ.

ಸರ್ಕಾರದ ಕಿರುಕುಳ ತಪ್ಪಲಿಲ್ಲ. 1959ರಲ್ಲಿ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ನಡೆಸಿ, ಮದ್ಯವನ್ನು ಮುಟ್ಟದ ಸೆಪ್ಟಿಮಾ ಅವರನ್ನು ಮದ್ಯ ಇಟ್ಟುಕೊಂಡ ಆರೋಪದಲ್ಲಿ ಬಂಧಿಸಿದರು, ಆರೋಪ ನಿಲ್ಲಲಿಲ್ಲ. 1961ರಲ್ಲಿ ಈ ಯೋಜನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಆಶ್ರಯಕ್ಕೆ ಬಂತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಡೊರೊಥಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಅವರೊಡನೆ ಸೆಪ್ಟಿಮಾ ಅವರು ಐದು ದಿನಗಳ ಶಿಬಿರಗಳಲ್ಲಿ ಹೊಸ ಶಿಕ್ಷಕರನ್ನು ತಯಾರು ಮಾಡಿದರು. ಗಟ್ಟಿಯಾಗಿ ಓದಬಲ್ಲವರು, ಹಲಗೆಯ ಮೇಲೆ ಸ್ಪಷ್ಟವಾಗಿ ಬರೆಯಬಲ್ಲವರು, ಊರವರ ಗೌರವಕ್ಕೆ ಪಾತ್ರರಾದವರು ಆಗಿದ್ದರೆ ಸಾಕಿತ್ತು, ಪದವಿ ಬೇಕಿರಲಿಲ್ಲ. ಹೀಗೆ ತರಬೇತಿ ಪಡೆದವರ ಸಂಖ್ಯೆ ಸುಮಾರು 10,000 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1965ರ ಮತದಾನ ಹಕ್ಕು ಕಾಯಿದೆ ಬಂದಾಗ ಆ ಹಕ್ಕನ್ನು ಬಳಸಬಲ್ಲ ಜನರು ಊರೂರುಗಳಲ್ಲಿ ಸಿದ್ಧರಾಗಿದ್ದರು.

ಸಂಘಟನೆಯೊಳಗೆ ಮಹಿಳೆಯರ ಮಾತಿಗೆ ಬೆಲೆ ಕಡಿಮೆಯೆಂಬ ನೋವು ಅವರಿಗಿತ್ತು. ಎಲ್ಲ ಮೆರವಣಿಗೆಗಳನ್ನೂ ತಾವೇ ನಡೆಸದೆ ಇತರ ನಾಯಕರನ್ನು ಬೆಳೆಸಬೇಕೆಂದು ಅವರು ಬರೆದ ಪತ್ರವನ್ನು ಕಿಂಗ್ ಅವರು ಓದಿ ಹೇಳಿದಾಗ ಕಾರ್ಯಕರ್ತರು ನಕ್ಕರು.

1970ರಲ್ಲಿ ನಿವೃತ್ತರಾದ ಸೆಪ್ಟಿಮಾ ಅವರಿಗೆ 1976ರಲ್ಲಿ ಪಿಂಚಣಿ ಮರಳಿತು. ತಮ್ಮನ್ನು ಹೊರಗಟ್ಟಿದ್ದ ಚಾರ್ಲ್ಸ್ಟನ್ನಿನಲ್ಲಿ ಶಾಲಾ ಮಂಡಳಿಯ ಸದಸ್ಯೆಯಾಗಿ ಚುನಾಯಿತರಾದರು. 1987ರ ಡಿಸೆಂಬರ್ 15ರಂದು, ತಾವು ಮೊದಲು ಪಾಠ ಹೇಳಿದ ಜಾನ್ಸ್ ದ್ವೀಪದಲ್ಲಿಯೇ ಕಣ್ಮುಚ್ಚಿದರು.

ಅವರ ಜೀವನವನ್ನು ಓದಿದ ಮೇಲೆ ನಾನು ಹೊಸ ಶಿಕ್ಷಕರಿಗೆ ಪಾಠದ ಯೋಜನೆಯನ್ನು ಮೊದಲೇ ಕೊಡುವುದನ್ನು ಬಿಟ್ಟೆ. ಮಕ್ಕಳು ಕನ್ನಡದಲ್ಲಿ ಯಾರೊಡನೆ ಏನನ್ನು ಮಾತನಾಡಬಯಸುತ್ತಾರೆಂದು ಕೇಳಿ ಬರುವುದೇ ಈಗ ಅವರ ಮೊದಲ ಕೆಲಸ. ಹೆಚ್ಚಿನ ಮಕ್ಕಳ ಉತ್ತರ ಒಂದೇ: ಊರಿನಲ್ಲಿರುವ ಅಜ್ಜಿಯೊಡನೆ. ನಮ್ಮ ಪಾಠ ಅಲ್ಲಿಂದ ಆರಂಭವಾಗುತ್ತದೆ.