ಕಾಣದ ಅನಿಲವನ್ನು ಅರಸಿದ ರಾಧಾಕೃಷ್ಣನ್

ಅಮಾವಾಸ್ಯೆಯ ಇರುಳಿನಲ್ಲಿ ರಾಯಚೂರು ನಗರದ ದೀಪಗಳನ್ನು ಹಿಂದಿಕ್ಕಿ ಮಾನ್ವಿ, ದೇವದುರ್ಗಗಳ ಕಡೆಯ ಬಯಲಿನಲ್ಲಿ ನಿಂತರೆ ಆಕಾಶಗಂಗೆಯು ಹಾಲು ಚೆಲ್ಲಿದಂತೆ ತೋರುತ್ತದೆ. ಕಾಣುವುದು ನಕ್ಷತ್ರಗಳ ಬೆಳಕು. ಅವುಗಳ ನಡುವೆ ಹರಡಿರುವ ಜಲಜನಕವು ಕಣ್ಣಿಗೆ ಬೀಳದು. ಹೊಸ ನಕ್ಷತ್ರಗಳು ರೂಪುಗೊಳ್ಳುವುದು ಆ ಅನಿಲದಿಂದಲೇ. ಅದು ಸೂಸುವ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳ ಮೂಲಕ ಅದನ್ನು ಅರಿಯಲೆಳಸಿದವರಲ್ಲಿ ವಿ. ರಾಧಾಕೃಷ್ಣನ್ ಪ್ರಮುಖರು.

ಅವರು 1929ರ ಮೇ 18ರಂದು ಮದರಾಸಿನಲ್ಲಿ ಜನಿಸಿದರು. ತಂದೆ ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ. ವಿ. ರಾಮನ್. ಅಂತಹವರ ಮಗನಿಗೆ ತಂದೆಯ ಹೆಸರೇ ಒಂದು ಹೊರೆಯಾಗುವುದುಂಟು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ರಾಧಾಕೃಷ್ಣನ್ ಡಾಕ್ಟರೇಟಿನ ಗೊಡವೆಗೆ ಹೋಗದೆ, ಸ್ವೀಡನ್, ಅಮೆರಿಕಗಳ ವೀಕ್ಷಣಾಲಯಗಳಲ್ಲಿ ದುಡಿಯುತ್ತಲೇ ಖಗೋಳವಿಜ್ಞಾನವನ್ನು ಕಲಿತರು. 1965ರಲ್ಲಿ ಆಸ್ಟ್ರೇಲಿಯಕ್ಕೆ ಹೊರಟಾಗ ಹಾಯಿದೋಣಿಯನ್ನೇರಿ ಸಾಗರಗಳನ್ನು ದಾಟಿದ ಸಾಹಸಿ ಅವರು!

ಅಲ್ಲಿ ಪಾರ್ಕ್ಸ್ ಎಂಬಲ್ಲಿರುವ 64 ಮೀಟರ್ ಅಗಲದ ರೇಡಿಯೋ ದೂರದರ್ಶಕವು ಅವರ ಸಾಧನವಾಯಿತು. ದೂರದ ರೇಡಿಯೋ ಆಕರದ ಮುಂದೆ ತಣ್ಣನೆಯ ಜಲಜನಕವು ಅಡ್ಡ ಬಂದರೆ ಈ ಅಲೆಗಳನ್ನು ಬಹಳವಾಗಿ ಹೀರುತ್ತದೆ. ಬಿಸಿಯಾದ ಜಲಜನಕವು ಅಷ್ಟಾಗಿ ಹೀರದು. ಈ ಉಪಾಯದಿಂದ ನಮ್ಮ ಗೆಲಾಕ್ಸಿಯ ತಣ್ಣನೆಯ ಮೇಘಗಳನ್ನೂ ಬಿಸಿಯಾದ ತೆಳು ಅನಿಲವನ್ನೂ ಅವರು ಸಂಗಡಿಗರೊಡನೆ ಬೇರ್ಪಡಿಸಿ ನೋಡಿದರು. ಆ ಸಮೀಕ್ಷೆ 1972ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಅವರು ತಾಯ್ನಾಡಿಗೆ ಮರಳಿ, ತಂದೆ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ರಾಮನ್ 1970ರಲ್ಲಿ ತೀರಿಕೊಂಡಿದ್ದರು. ಬೆಳಕು, ಹರಳುಗಳ ಅಧ್ಯಯನಕ್ಕೆ ಹೆಸರಾಗಿದ್ದ ಆ ಸಂಸ್ಥೆಯಲ್ಲಿ ಮಗನು ತಂದೆಯ ದಾರಿಯನ್ನೇ ಹಿಡಿಯಲಿಲ್ಲ. ರೇಡಿಯೋ ಖಗೋಳವಿಜ್ಞಾನವನ್ನು ನೆಲೆಗೊಳಿಸಿದರು. ಸಂಸ್ಥೆಯ ಅಂಗಳದಲ್ಲಿಯೇ 10.4 ಮೀಟರ್ ಅಗಲದ ದೂರದರ್ಶಕವೊಂದು ಎದ್ದು ನಿಂತಿತು. 1994ರವರೆಗೆ ನಿರ್ದೇಶಕರಾಗಿದ್ದ ಅವರು 2011ರ ಮಾರ್ಚ್ 3ರಂದು ನಿಧನರಾದರು.

ಅವರು ಬದುಕಿದ್ದಾಗಲೇ ಅದೇ ಸಂಸ್ಥೆಯ ಸಂಶೋಧಕರು ಜಲಜನಕದ ಪ್ರಶ್ನೆಯನ್ನು ಇನ್ನೂ ದೂರಕ್ಕೆ ಕೊಂಡೊಯ್ದರು. ಗೆಲಾಕ್ಸಿಗಳಲ್ಲಿ ಅನೇಕವು ಒಂಟಿಯಲ್ಲ, ಗುಂಪಿನಲ್ಲಿರುತ್ತವೆ; ನಮ್ಮ ಆಕಾಶಗಂಗೆಯೂ ಆಂಡ್ರೊಮಿಡಾದೊಡನೆ ಒಂದು ಗುಂಪಿಗೆ ಸೇರಿದೆ. ಈ ಸಹವಾಸದಲ್ಲಿ ಗೆಲಾಕ್ಸಿಯ ಅನಿಲ ಉಳಿದೀತೆ? ಪಾರ್ಕ್ಸ್ ದೂರದರ್ಶಕದ ಸಮೀಕ್ಷೆಯನ್ನೇ ಬಳಸಿ ಅವರು 2006ರಲ್ಲಿ ಉತ್ತರವನ್ನು ಪ್ರಕಟಿಸಿದರು. ಎಕ್ಸ್-ಕಿರಣಗಳನ್ನು ಸೂಸುವ ಬಿಸಿ ಅನಿಲವು ತುಂಬಿರುವ ಗುಂಪುಗಳಲ್ಲಿ ಗೆಲಾಕ್ಸಿಗಳು ಸರಾಸರಿಯಲ್ಲಿ ಜಲಜನಕವನ್ನು ಕಳೆದುಕೊಂಡಿದ್ದವು. ಅದಿಲ್ಲದ ಗುಂಪುಗಳಲ್ಲಿ ಅಂತಹ ಕೊರತೆ ಹೆಚ್ಚಾಗಿ ಕಾಣಲಿಲ್ಲ. ನೆರೆಯವುಗಳ ಸೆಳೆತದಿಂದ ಅಂಚಿನ ಅನಿಲ ಸಡಿಲಗೊಂಡಾಗ ಬಿಸಿ ಅನಿಲದ ಒತ್ತಡವು ಅದನ್ನು ಒರೆಸಿಕೊಂಡು ಹೋಗಿರಬಹುದು. ಇಲ್ಲವೇ ಶಾಖದಿಂದ ಅದು ಆವಿಯಾಗಿರಬಹುದು. ಹೀಗೆ ಬರಿದಾಗುತ್ತ ಬಂದ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳ ಹುಟ್ಟು ಕ್ರಮೇಣ ಕುಗ್ಗುತ್ತದೆ.