ಡೆಪ್ಯುಟಿ ಚೆನ್ನಬಸಪ್ಪನವರು

ಕನ್ನಡ ನಾಡಿನ ಉತ್ತರಭಾಗದಲ್ಲಿ ಬಾಲಕರಿಗೆ ತಾಯ್ನುಡಿಯಲ್ಲಿಯೇ ಓದುಬರಹವು ಲಭಿಸಬೇಕೆಂದು ತಮ್ಮ ಆಯುಷ್ಯವನ್ನೇ ಸವೆಯಿಸಿದ ಮಹನೀಯರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಅಗ್ರಗಣ್ಯರು. ಇವರು 1834ನೆಯ ಇಸವಿಯಲ್ಲಿ ಧಾರವಾಡದ ವೀರಶೈವ ಮನೆತನವೊಂದರಲ್ಲಿ ಜನ್ಮವೆತ್ತಿದರು.

ಪೂರ್ವದಲ್ಲಿ ನಮ್ಮ ಹಳ್ಳಿಗಳ ವಿದ್ಯಾಭ್ಯಾಸವೆಲ್ಲವೂ ಕೂಲಿಮಠಗಳಲ್ಲಿ ನಡೆಯುತ್ತಿದ್ದಿತು. ಐಗಳು ಮಗುವಿನ ಬೆರಳನ್ನು ಹಿಡಿದು ಮರಳಿನ ಮೇಲೆ ಅಕ್ಷರಗಳನ್ನು ತಿದ್ದಿಸುವರು. ಕಾಗುಣಿತ, ಒತ್ತಕ್ಷರ, ಮಗ್ಗಿಗಳನ್ನು ಬಾಯಿಪಾಠ ಮಾಡಿಸುವರು. ಈ ಕ್ರಮದಲ್ಲಿ ಕೊರತೆಗಳಿದ್ದವಾದರೂ ಮಗುವು ತಿದ್ದಿದ ಅಕ್ಷರವು ಅದರ ಮನೆಯ ಮಾತಿನ ಅಕ್ಷರವೇ ಆಗಿದ್ದಿತು.

1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಧಾರವಾಡ ಪ್ರಾಂತವು ಕಂಪನಿ ಸರಕಾರದ ಕೈಸೇರಿ, ಮುಂದೆ ಮುಂಬಯಿ ಇಲಾಖೆಗೆ ಒಳಪಟ್ಟಿತು. ಕಚೇರಿಗಳಲ್ಲಿ ಮರಾಠಿಯೂ ಮೋಡಿ ಲಿಪಿಯೂ ಮೊದಲಿನಂತೆಯೇ ಮೆರೆಯುತ್ತಿದ್ದವು. ಸರಕಾರಿ ಶಾಲೆಗಳಲ್ಲಿಯೂ ಮರಾಠಿಯೇ ಪ್ರಬಲವಾಯಿತು. ಒಕ್ಕಲಿಗರ ಮಕ್ಕಳಿಗೆ ತಾಯಿಯ ಮಾತೊಂದು, ಪಾಠದ ಮಾತೊಂದು. ಅಕ್ಷರವು ಕಣ್ಣಿಗೆ ಕಂಡರೂ ಅರ್ಥವು ಮನಕ್ಕೆ ಹೊಳೆಯದು. ಹೀಗೆ ಕನ್ನಡಿಗರು ತಮ್ಮ ನಾಡಿನಲ್ಲಿಯೇ ವಿದ್ಯೆಗೆ ಎರವಾದರು.

ಚೆನ್ನಬಸಪ್ಪನವರು ದೂರದ ಪುಣೆಗೆ ತೆರಳಿ ಇಂಜಿನಿಯರಿಂಗ್ ವಿದ್ಯೆಯನ್ನು ಅಭ್ಯಸಿಸಿದರು. ಆ ವಿದ್ಯೆಯ ಬಲದಿಂದ ಅಧಿಕಾರವನ್ನೂ ಸಂಪತ್ತನ್ನೂ ಗಳಿಸುವುದು ಅವರಿಗೆ ಅಸಾಧ್ಯವಾಗಿರಲಿಲ್ಲ. ಆದರೆ ಅವರ ಚಿತ್ತವು ಸೇತುವೆ-ರಸ್ತೆಗಳ ಕಡೆಗೆ ಹರಿಯದೆ ಶಾಲೆಯ ಮಕ್ಕಳ ಕಡೆಗೆ ಹರಿಯಿತು. 1855ರಲ್ಲಿ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾಗಿದ್ದಿತು. ಚೆನ್ನಬಸಪ್ಪನವರು ಆ ಖಾತೆಯನ್ನು ಸೇರಿ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾದರು. ಕನ್ನಡ ಶಾಲೆಗಳನ್ನು ತೆರೆಯಬೇಕಾದರೆ ಕನ್ನಡವನ್ನು ಕಲಿಸಬಲ್ಲ ಶಿಕ್ಷಕರು ಮೊದಲು ಬೇಕು. ಬೀಜವಿಲ್ಲದೆ ಬೆಳೆಯೆಲ್ಲಿಯದು? ಆ ಬೀಜವನ್ನು ಸಿದ್ಧಪಡಿಸುವ ಕ್ಷೇತ್ರವೇ ಆ ಶಾಲೆಯಾಯಿತು.

ತರುವಾಯ ಅವರು ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು. ಈ ಹುದ್ದೆಯ ಹೆಸರೇ ಅವರ ಹೆಸರಿನೊಡನೆ ಬೆರೆತು ಇಂದಿಗೂ ಉಳಿದಿದೆ. ವಿದ್ಯಾಖಾತೆಯ ಅಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳಾಗಿದ್ದುದು ನಾಡಿನ ಭಾಗ್ಯ. ಅವರ ಬೆಂಬಲದಿಂದ ಚೆನ್ನಬಸಪ್ಪನವರು ಮರಾಠಿಯಿದ್ದೆಡೆ ಕನ್ನಡವನ್ನು ನೆಲೆಗೊಳಿಸಲು ಅವಿಶ್ರಾಂತವಾಗಿ ದುಡಿದರು. ಇದರಲ್ಲಿ ಮರಾಠಿಯ ಮೇಲಣ ದ್ವೇಷವಿರಲಿಲ್ಲ. ಮಗುವಿನ ಮೇಲಣ ಕರುಣೆಯಿದ್ದಿತು.

ಶಾಲೆ ತೆರೆದರೆ ಸಾಲದು, ಓದಲು ಗ್ರಂಥಗಳೂ ಬೇಕಷ್ಟೆ. ಅದಕ್ಕಾಗಿ ಅವರು ಲೇಖನಿಯನ್ನೂ ಹಿಡಿದರು. ಮಠಪತ್ರಿಕೆಯೆಂಬ ಮಾಸಪತ್ರಿಕೆಯನ್ನು ನಡೆಯಿಸಿದರು. ಆಂಗ್ಲಕವಿ ಶೇಕ್ಸ್‌ಪಿಯರನ ನಾಟಕವೊಂದನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಮಠವೆಂಬ ಶಬ್ದವು ಅಂದು ಗುರುಪೀಠಕ್ಕೂ ಬಾಲಕರ ಪಾಠಸ್ಥಾನಕ್ಕೂ ಸಮಾನವಾಗಿ ಸಲ್ಲುತ್ತಿದ್ದುದನ್ನು ಭಕ್ತರು ಇಲ್ಲಿ ನೆನೆಯತಕ್ಕದ್ದು.

1881ರಲ್ಲಿ, ಐವತ್ತು ವರ್ಷಗಳೂ ತುಂಬುವ ಮುನ್ನವೇ, ಈ ಪುಣ್ಯಜೀವಿಗಳು ಲಿಂಗೈಕ್ಯರಾದರು. ಒಂಬತ್ತು ವರ್ಷಗಳ ನಂತರ, 1890ರಲ್ಲಿ, ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಉದಯಿಸಿತು. 1956ರಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಈ ಮಹಾವೃಕ್ಷದ ಬೇರುಗಳಿಗೆ ಮೊದಲಲ್ಲಿ ನೀರೆರೆದವರಲ್ಲಿ ಚೆನ್ನಬಸಪ್ಪನವರೊಬ್ಬರು.

ಅನ್ನದಾಸೋಹವು ಅಂದಿನ ಹಸಿವನ್ನು ನೀಗಿಸುತ್ತದೆ. ಅಕ್ಷರದಾಸೋಹವು ಜನ್ಮದ ಕತ್ತಲೆಯನ್ನು ಕಳೆಯುತ್ತದೆ. ಆದರೆ ಅರಿವಾಗದ ಅಕ್ಷರವು ಉಣ್ಣಲಾಗದ ಅನ್ನದಂತೆ ವ್ಯರ್ಥ. ಶಿಶುವಿಗೆ ಅದರ ತಾಯಿಯ ನುಡಿಯಲ್ಲಿಯೇ ಅರಿವನ್ನು ಉಣಿಸಬೇಕೆಂಬುದನ್ನು ಈ ಶರಣಜೀವಿಗಳು ನಡೆದು ತೋರಿದರು. ಮಠದ ಶಿಷ್ಯರು ತಮ್ಮ ಮನೆಯ ಮಕ್ಕಳ ಕೈಗೆ ಮೊದಲ ಪುಸ್ತಕವನ್ನು ಕೊಡುವಾಗ ಇವರನ್ನು ಸ್ಮರಿಸಿದರೆ ಅದೇ ಇವರಿಗೆ ಸಲ್ಲಿಸುವ ನಿಜವಾದ ಪೂಜೆ. ಶುಭಂ ಭೂಯಾತ್.