ಚಾರ್ಲ್ಸ್ ಎಫ್. ಕೆಟರಿಂಗ್

ಚಾರ್ಲ್ಸ್ ಫ್ರ್ಯಾಂಕ್ಲಿನ್ ಕೆಟರಿಂಗ್ (ಆಗಸ್ಟ್ 29, 1876 – ನವೆಂಬರ್ 25, 1958) ಅಮೆರಿಕ ಸಂಯುಕ್ತ ಸಂಸ್ಥಾನದ ಎಂಜಿನಿಯರ್, ಸಂಶೋಧಕ ಹಾಗೂ ಉದ್ಯಮಿ. ಮೋಟಾರು ಕಾರಿನ ಬ್ಯಾಟರಿ ಜ್ವಲನ ವ್ಯವಸ್ಥೆಯನ್ನೂ ವಿದ್ಯುತ್ ಸ್ಟಾರ್ಟರನ್ನೂ ವ್ಯಾಪಕ ಬಳಕೆಗೆ ತಂದವನು. ಜನರಲ್ ಮೋಟರ್ಸ್ ಸಂಸ್ಥೆಯ ಸಂಶೋಧನಾ ವಿಭಾಗಕ್ಕೆ 1920ರಿಂದ 1947ರವರೆಗೆ ಮುಖ್ಯಸ್ಥನಾಗಿದ್ದ. ಎಂಜಿನ್ನಿನೊಳಗೆ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು, ಹಾರಿದ ಮೇಲೆ ಇಂಧನ ಹೇಗೆ ಉರಿಯಬೇಕು ಎಂಬ ಎರಡು ಪ್ರಶ್ನೆಗಳೊಂದಿಗೆ ಈತನ ಹೆಸರು ಸೇರಿಕೊಂಡಿದೆ. ಮೊದಲನೆಯದಕ್ಕೆ ಈತ ಕೊಟ್ಟ ಉತ್ತರ ಜಗತ್ತಿಗೆ ಉಪಕಾರವಾಯಿತು. ಎರಡನೆಯದಕ್ಕೆ ಕೊಟ್ಟ ಉತ್ತರ, ಅಂದರೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವುದು, ಮುಂದಿನ ತಲೆಮಾರುಗಳಿಗೆ ಹೊರೆಯಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಓಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ಒಂದು ರೈತ ಕುಟುಂಬದಲ್ಲಿ ಕೆಟರಿಂಗ್ ಜನಿಸಿದ. ಚಿಕ್ಕಂದಿನಿಂದಲೂ ದೃಷ್ಟಿದೋಷವಿತ್ತು, ಹೆಚ್ಚು ಓದಿದರೆ ತಲೆನೋವು ಕಾಡುತ್ತಿತ್ತು. ಶಾಲಾ ಶಿಕ್ಷಣ ಮುಗಿದ ಮೇಲೆ ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದ. ಅನಂತರ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದನಾದರೂ ಕಣ್ಣಿನ ತೊಂದರೆಯಿಂದ ವ್ಯಾಸಂಗವನ್ನು ನಡುವೆಯೇ ಬಿಟ್ಟು, ದೂರವಾಣಿ ತಂತಿ ಎಳೆಯುವ ತಂಡವೊಂದರ ಮೇಸ್ತ್ರಿಯಾಗಿ ದುಡಿದ. ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಿ 1904ರಲ್ಲಿ, ತನ್ನ 28ನೆಯ ವಯಸ್ಸಿನ ಸುಮಾರಿಗೆ, ಎಂಜಿನಿಯರಿಂಗ್ ಪದವಿ ಪಡೆದ. ಕಂಬ ನೆಟ್ಟು ತಂತಿ ಎಳೆದ ಆ ದಿನಗಳ ಕೈಕೆಲಸದ ಅನುಭವ ಈತನಿಗೆ ಪಠ್ಯದಷ್ಟೇ ನೆರವಾಯಿತೆನ್ನಬೇಕು.

ಅದೇ ವರ್ಷ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಉದ್ಯೋಗ ದೊರೆಯಿತು. ಕೈಯಿಂದ ತಿರುಗಿಸಬೇಕಾಗಿದ್ದ ಹಣದ ಲೆಕ್ಕದ ಯಂತ್ರಕ್ಕೆ ಈತ ಚಿಕ್ಕ ವಿದ್ಯುತ್ ಮೋಟಾರನ್ನು ಅಳವಡಿಸಿದ. 1905ರಲ್ಲಿ ಆಲಿವ್ ವಿಲಿಯಮ್ಸ್ ಎಂಬಾಕೆಯೊಂದಿಗೆ ವಿವಾಹವಾಯಿತು.

ಡೆಲ್ಕೊ ಮತ್ತು ಜ್ವಲನ ವ್ಯವಸ್ಥೆ

ಕಂಪನಿಯ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್‌ನ ಮನೆಯ ಹಿಂದಿದ್ದ ಕೊಟ್ಟಿಗೆಯಲ್ಲಿ ಕೆಟರಿಂಗ್ ಮತ್ತು ಸಂಗಡಿಗರು ಬಿಡುವಿನ ವೇಳೆಯಲ್ಲಿ ಕಾರಿನ ಬಿಡಿಭಾಗಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅಲ್ಲಿ ರೂಪುಗೊಂಡ ಜ್ವಲನ ಸಾಧನವನ್ನು ಮೆಚ್ಚಿದ ಕ್ಯಾಡಿಲ್ಯಾಕ್ ಸಂಸ್ಥೆಯ ಹೆನ್ರಿ ಲೀಲ್ಯಾಂಡ್ 1909ರಲ್ಲಿ 8,000 ಸಾಧನಗಳಿಗೆ ಬೇಡಿಕೆ ಸಲ್ಲಿಸಿದ. ಇದನ್ನು ಪೂರೈಸಲು ಹುಟ್ಟಿದ ಸಂಸ್ಥೆಯೇ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಸಂಕ್ಷೇಪವಾಗಿ ಡೆಲ್ಕೊ.

ಇಂದಿಗೂ ಕೆಟರಿಂಗ್ ಜ್ವಲನ ವ್ಯವಸ್ಥೆಯೆಂದು ಕರೆಯಲಾಗುವ ಏರ್ಪಾಡಿನ ತತ್ತ್ವ ಸರಳವಾದುದು. ಬ್ಯಾಟರಿಯ ವಿದ್ಯುತ್ತು ಒಂದು ಕಾಯಿಲ್‌ನ ಮೂಲಕ ಹರಿದು ಅಲ್ಲಿ ಕಾಂತಕ್ಷೇತ್ರವನ್ನು ನಿರ್ಮಿಸುತ್ತದೆ. ಎಂಜಿನ್ನಿನ ತಿರುಗಾಟಕ್ಕೆ ಹೊಂದಿಕೊಂಡು ಕಾಂಟ್ಯಾಕ್ಟ್ ಪಾಯಿಂಟುಗಳು ತೆರೆದೊಡನೆ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿದು, ಕಾಯಿಲ್‌ನ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಏಳುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಒಂದೊಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ತಲುಪಿಸುತ್ತದೆ. ಪಾಯಿಂಟುಗಳು ಸುಟ್ಟುಹೋಗದಂತೆ ಕಂಡೆನ್ಸರ್ ಕಾಯುತ್ತದೆ. ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಪೆಟ್ರೋಲ್ ಕಾರುಗಳು ದಶಕಗಳ ಕಾಲ ಓಡಿದ್ದು ಇದೇ ತತ್ತ್ವದ ಮೇಲೆ. ಗ್ಯಾರೇಜಿನಲ್ಲಿ ಪಾಯಿಂಟನ್ನು ಉಜ್ಜಿ ಟೈಮಿಂಗ್ ಇಡಿಸಿಕೊಂಡು ಬರುವುದು ಅಂದಿನ ಕಾರು ಮಾಲೀಕರಿಗೆ ಚಿರಪರಿಚಿತವಾದ ಕೆಲಸವಾಗಿತ್ತು.

ಕಿಡಿ ಹಾರುವ ಕ್ಷಣಕ್ಕೆ ಏಕೆ ಇಷ್ಟು ಮಹತ್ತ್ವ? ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಗೇ ಉರಿಯುವುದಿಲ್ಲ. ಜ್ವಾಲೆ ಹರಡಲು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಕಾಲ ಬೇಕು. ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 3.6 ಡಿಗ್ರಿ ತಿರುಗಿದರೆ, 3,000 ಸುತ್ತಿನ ವೇಗದಲ್ಲಿ ಅದೇ ಅವಧಿಗೆ 18 ಡಿಗ್ರಿ ತಿರುಗಿಬಿಡುತ್ತದೆ. ಆದುದರಿಂದ ವೇಗ ಹೆಚ್ಚಿದಂತೆ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಬೇಕು. ತೀರ ಮುಂಚೆ ಹಾರಿಸಿದರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಒತ್ತಡ ಏಳುತ್ತದೆ. ತಡವಾದರೆ ಶಕ್ತಿ ಹೊಗೆಕೊಳವೆಯ ಪಾಲಾಗುತ್ತದೆ. ಆರಂಭದಲ್ಲಿ ಚಾಲಕನೇ ಸ್ಟಿಯರಿಂಗ್ ಬಳಿಯ ಸನ್ನೆಕೋಲಿನಿಂದ ಇದನ್ನು ಹೊಂದಿಸುತ್ತಿದ್ದ. ಮುಂದೆ ಡಿಸ್ಟ್ರಿಬ್ಯೂಟರಿನೊಳಗಿನ ತಿರುಗುವ ತೂಕಗಳೂ ನಿರ್ವಾತದಿಂದ ಚಲಿಸುವ ಪೊರೆಯೂ ಆ ಹೊಣೆ ಹೊತ್ತವು.

ವಿದ್ಯುತ್ ಸ್ಟಾರ್ಟರ್

ಕಿಡಿಯ ಸನ್ನೆಕೋಲನ್ನು ಮುಂದಿಟ್ಟು ಮರೆತರೆ, ಹ್ಯಾಂಡಲ್ ತಿರುಗಿಸುವಾಗ ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಕೈ ಮುರಿದುಕೊಂಡವರು ಅನೇಕರು. ಕಾರು ತಯಾರಕ ಬೈರನ್ ಕಾರ್ಟರ್ ಇಂಥ ಪೆಟ್ಟಿನ ಪರಿಣಾಮವಾಗಿ 1908ರಲ್ಲಿ ತೀರಿಕೊಂಡನೆಂದೂ, ಅದರಿಂದ ನೊಂದ ಲೀಲ್ಯಾಂಡ್ ಪರಿಹಾರಕ್ಕಾಗಿ ಕೆಟರಿಂಗ್‌ನ ಮೊರೆಹೊಕ್ಕನೆಂದೂ ಪ್ರಚಲಿತ ಕಥೆಯಿದೆ. ಎಂಜಿನ್ನನ್ನು ತಿರುಗಿಸಬಲ್ಲ ಮೋಟಾರು ಕಾರಿನಷ್ಟೇ ದೊಡ್ಡದಾಗಬೇಕಾದೀತೆಂಬ ಅಭಿಪ್ರಾಯ ಆಗ ತಜ್ಞರಲ್ಲಿತ್ತು. ಆದರೆ ಹಣದ ಯಂತ್ರದ ಅನುಭವ ಕೆಟರಿಂಗ್‌ಗೆ ಬೇರೆ ಪಾಠ ಕಲಿಸಿತ್ತು: ಕೆಲವೇ ಕ್ಷಣ ದುಡಿಯಬೇಕಾದ ಮೋಟಾರಿನ ಮೇಲೆ ಅದರ ಅಳತೆಗೆ ಮೀರಿದ ಭಾರ ಹೇರಬಹುದು. 1912ರ ಕ್ಯಾಡಿಲ್ಯಾಕ್ ಕಾರುಗಳು ಸ್ಟಾರ್ಟರ್, ದೀಪ ಮತ್ತು ಜ್ವಲನ ಮೂರನ್ನೂ ಒಂದೇ ವಿದ್ಯುತ್ ವ್ಯವಸ್ಥೆಯಲ್ಲಿ ಹೊಂದಿ ಹೊರಬಂದವು.

ಡೆಲ್ಕೊ 1916ರಲ್ಲಿ ಯುನೈಟೆಡ್ ಮೋಟರ್ಸ್‌ಗೆ, ಆ ಮೂಲಕ 1918ರಲ್ಲಿ ಜನರಲ್ ಮೋಟರ್ಸ್‌ಗೆ ಸೇರಿತು. ಮೊದಲ ಮಹಾಯುದ್ಧದ ಕೊನೆಯಲ್ಲಿ ಕೆಟರಿಂಗ್ ಪೈಲಟ್ ಇಲ್ಲದೆ ಹಾರುವ ಬಾಂಬು ವಿಮಾನವನ್ನೂ ರೂಪಿಸಿದ. ಅದು ಯುದ್ಧದಲ್ಲಿ ಬಳಕೆಯಾಗಲಿಲ್ಲ.

ಬಡಿತದ ಸಮಸ್ಯೆ ಮತ್ತು ಸೀಸದ ಪೆಟ್ರೋಲು

ಭಾರ ಹೆಚ್ಚಿದಾಗ ಎಂಜಿನ್ನಿನೊಳಗಿಂದ ಸುತ್ತಿಗೆಯ ಏಟಿನಂತಹ ಸದ್ದು ಬರುವುದನ್ನು ನಾಕಿಂಗ್ ಅಥವಾ ಬಡಿತ ಎನ್ನುತ್ತಾರೆ. ಡೆಲ್ಕೊದ ಬ್ಯಾಟರಿ ಜ್ವಲನವೇ ಇದಕ್ಕೆ ಕಾರಣವೆಂದು, ಹಳೆಯ ಮ್ಯಾಗ್ನೆಟೊ ಸಾಧನವೇ ಲೇಸೆಂದು ಪ್ರತಿಸ್ಪರ್ಧಿಗಳು ದೂರಿದರು. ಆರೋಪವನ್ನು ಒಪ್ಪದ ಕೆಟರಿಂಗ್ 1916ರಲ್ಲಿ ತನ್ನಲ್ಲಿ ಕೆಲಸಕ್ಕೆ ಸೇರಿದ್ದ ಥಾಮಸ್ ಮಿಡ್ಜ್‌ಲಿ ಎಂಬ ಯುವ ಎಂಜಿನಿಯರನಿಗೆ ಈ ಶೋಧವನ್ನು ಒಪ್ಪಿಸಿದ. ಸಿಲಿಂಡರಿನ ಒತ್ತಡವನ್ನು ದಾಖಲಿಸುವ ಸಾಧನದಿಂದ ಮಿಡ್ಜ್‌ಲಿ ಕಂಡುಕೊಂಡಂತೆ, ಬಡಿತ ಹುಟ್ಟುವುದು ಕಿಡಿಗೆ ಮೊದಲಲ್ಲ, ಕಿಡಿ ಹಾರಿದ ಮೇಲೆ. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣ ಒತ್ತಡ ಮತ್ತು ಶಾಖಗಳಿಂದ ತಾನಾಗಿಯೇ ಥಟ್ಟನೆ ಹೊತ್ತಿಕೊಳ್ಳುತ್ತದೆ. ಕಿಡಿಯನ್ನು ತಡಮಾಡಿದರೆ ಬಡಿತ ತಗ್ಗುವುದು ನಿಜ. ಆದರೆ ಶಕ್ತಿಯೂ ತಗ್ಗುತ್ತದೆ. ಹೀಗಾಗಿ ದೋಷವಿರುವುದು ಇಂಧನದಲ್ಲಿ, ಮದ್ದನ್ನೂ ಅದಕ್ಕೇ ಹಾಕಬೇಕು ಎಂಬ ನಿರ್ಧಾರಕ್ಕೆ ಇಬ್ಬರೂ ಬಂದರು.

ಮೊದಲಿಗೆ ಅಯೋಡಿನ್ ಫಲ ನೀಡಿತಾದರೂ ಅದು ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ಅನೇಕ ಪದಾರ್ಥಗಳನ್ನು ಪರೀಕ್ಷಿಸಿ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್‌ನ ಗುಣವನ್ನು ಪತ್ತೆಹಚ್ಚಲಾಯಿತು. 1923ರ ಫೆಬ್ರವರಿಯಲ್ಲಿ ಡೇಟನ್‌ನಲ್ಲಿ ಮಾರಾಟ ಆರಂಭವಾಯಿತು. ಮರುವರ್ಷ ಸ್ಥಾಪಿತವಾದ ಈಥೈಲ್ ಕಾರ್ಪೊರೇಷನ್‌ಗೆ ಕೆಟರಿಂಗ್ ಪ್ರಥಮ ಅಧ್ಯಕ್ಷ. ಸೀಸವೆಂಬ ಪದವನ್ನು ಬಿಟ್ಟು ಈಥೈಲ್ ಎಂಬ ಹೆಸರಿನಲ್ಲೇ ಅದನ್ನು ಮಾರಲಾಯಿತೆಂಬುದನ್ನು ಗಮನಿಸಬೇಕು.

ಸೀಸ ವಿಷವೆಂಬುದು ಆಗ ತಿಳಿಯದ ಸಂಗತಿಯೇನಲ್ಲ. ಸ್ವತಃ ಮಿಡ್ಜ್‌ಲಿ 1923ರಲ್ಲಿ ಸೀಸದ ಬಾಧೆಯಿಂದ ಕೆಲಸ ಬಿಟ್ಟು ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಮಡಿದರು. ಡೇಟನ್ ಮತ್ತು ಡೀಪ್‌ವಾಟರ್ ಘಟಕಗಳಲ್ಲೂ ಸಾವುಗಳಾದವು. 1925ರಲ್ಲಿ ಮಾರಾಟವನ್ನು ತಡೆಹಿಡಿದು ಸರ್ಕಾರದ ಆರೋಗ್ಯಾಧಿಕಾರಿಗಳು ಸಭೆ ಕರೆದರು. ಅಲ್ಲಿ ವೈದ್ಯವಿಜ್ಞಾನಿ ಆಲಿಸ್ ಹ್ಯಾಮಿಲ್ಟನ್ ಮೊದಲಾದವರು ಬಲವಾಗಿ ವಿರೋಧಿಸಿದರೂ, ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂಬ ಸಮಿತಿಯ ವರದಿಯ ಮೇಲೆ 1926ರಲ್ಲಿ ಮಾರಾಟ ಮುಂದುವರಿಯಿತು. ಮದ್ಯಸಾರ ಬೆರೆಸಿದರೂ ಬಡಿತ ತಗ್ಗುವುದು ಕೆಟರಿಂಗ್‌ನ ಪ್ರಯೋಗಾಲಯಕ್ಕೆ ತಿಳಿದಿತ್ತು. ಆದರೆ ಅದನ್ನು ಗಣನೀಯ ಪ್ರಮಾಣದಲ್ಲಿ ಬೆರೆಸಬೇಕಿತ್ತು. ಸೀಸವಾದರೆ ತುಸುವೇ ಸಾಕು, ಪೇಟೆಂಟೂ ಕೈಯಲ್ಲಿತ್ತು. ಕೆಟರಿಂಗ್‌ನ ಜೀವನಚರಿತ್ರೆಯಲ್ಲಿ ಸಮರ್ಥನೆಗೆ ಅತ್ಯಂತ ಕಷ್ಟವಾದ ಘಟ್ಟ ಇದು.

ಇತರ ಕಾರ್ಯಗಳು

ಈತನ ಎಲ್ಲ ಯತ್ನಗಳೂ ಫಲಿಸಲಿಲ್ಲ. ತಾಮ್ರದ ಹಲಗೆಗಳಿಂದ ಗಾಳಿಯಲ್ಲೇ ತಣಿಯುವ ಷೆವರ್ಲೆ ಎಂಜಿನ್ನು 1923ರಲ್ಲಿ ವಿಫಲವಾಗಿ, ಮಾರಿದ ಕಾರುಗಳನ್ನು ಸಂಸ್ಥೆ ಹಿಂಪಡೆಯಿತು. ಬೇಗ ಒಣಗುವ ಬಣ್ಣ, ಶೀತಕಯಂತ್ರಗಳ ಫ್ರಿಯಾನ್ ಅನಿಲ, ರೈಲು ಎಂಜಿನ್ನುಗಳಿಗೆ ಹಗುರವಾದ ಡೀಸೆಲ್ ಯಂತ್ರ ಇವು ಈತನ ನೇತೃತ್ವದಲ್ಲಿ ನಡೆದ ಕೆಲಸಗಳು. ಹಸಿರೆಲೆಗಳ ದ್ಯುತಿಸಂಶ್ಲೇಷಣೆಯ ಅಧ್ಯಯನಕ್ಕೂ ಈತ ಧನಸಹಾಯ ನೀಡಿದ. ನ್ಯೂಯಾರ್ಕಿನಲ್ಲಿ 1945ರಲ್ಲಿ ಸ್ಥಾಪನೆಯಾದ ಸ್ಲೋನ್–ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈತನ ಹೆಸರನ್ನೂ ಹೊತ್ತಿದೆ. 1958ರಲ್ಲಿ ಡೇಟನ್‌ನಲ್ಲಿ ನಿಧನನಾದ.

ಟರ್ಬೊ ಎಂಜಿನ್ನುಗಳ ಕಾಲ

ಕೆಟರಿಂಗ್ ಬದಿಗಿಟ್ಟಿದ್ದ ಹಾದಿಗೆ, ಎಂದರೆ ಕಿಡಿಯ ಕ್ಷಣವನ್ನೇ ಬದಲಿಸುವ ಹಾದಿಗೆ, ಟರ್ಬೊಚಾರ್ಜರ್ ಬಂದ ಮೇಲೆ ಎಂಜಿನಿಯರರು ಮರಳಿದರು. ಹೊಗೆಯ ರಭಸದಿಂದ ತಿರುಗುವ ಈ ಸಾಧನ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಡ ಮತ್ತು ಶಾಖ ಹೆಚ್ಚಿ ಬಡಿತದ ಅಪಾಯವೂ ಹೆಚ್ಚುವುದರಿಂದ, ಟರ್ಬೊದ ಒತ್ತಡ ಏರಿದಂತೆ ಕಿಡಿಯನ್ನು ಹಿಂದೆ ಸರಿಸಬೇಕಾಗುತ್ತದೆ. ಅತಿಯಾಗಿ ಸರಿಸಿದರೆ ಶಕ್ತಿ ಕುಂದುವುದಲ್ಲದೆ, ಬಿಸಿ ಏರಿದ ಹೊಗೆ ಟರ್ಬೈನಿಗೇ ಹಾನಿ ತರಬಹುದು. ವೇಗವನ್ನಷ್ಟೇ ಅರಿಯುವ ತಿರುಗುವ ತೂಕಗಳಿಂದ ಇಷ್ಟು ಸೂಕ್ಷ್ಮ ಹೊಂದಾಣಿಕೆ ಸಾಧ್ಯವಿಲ್ಲ.

ಜನರಲ್ ಮೋಟರ್ಸ್‌ನ ಓಲ್ಡ್ಸ್‌ಮೊಬೈಲ್ ವಿಭಾಗ 1962ರಲ್ಲಿ ತಂದ ಜೆಟ್‌ಫೈರ್ ಕಾರಿನಲ್ಲಿ ಬಡಿತ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಸಿಂಪಡಿಸುವ ಏರ್ಪಾಡಿತ್ತು. ತೊಟ್ಟಿ ತುಂಬಿಸಲು ಮಾಲೀಕರು ಮರೆಯುತ್ತಿದ್ದರು. ಕಾರು ಎರಡೇ ವರ್ಷಕ್ಕೆ ನಿಂತಿತು. ಅದೇ ಸಂಸ್ಥೆಯ ಬ್ಯೂಕ್ ವಿಭಾಗ 1978ರ 3.8 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಬಡಿತವನ್ನು ಆಲಿಸುವ ಸಂವೇದಕವನ್ನಿಟ್ಟಿತು. ಸದ್ದು ಕೇಳಿಬಂದಾಗ ವಿದ್ಯುನ್ಮಾನ ಘಟಕ ಕಿಡಿಯನ್ನು ತಡಮಾಡಿ, ಸದ್ದು ನಿಂತ ಮೇಲೆ ಮತ್ತೆ ಮೊದಲಿನ ಸ್ಥಾನಕ್ಕೆ ತರುತ್ತಿತ್ತು. ಇಂದಿನ ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಎಂಜಿನ್ ಗಣಕವು ವೇಗ, ಒತ್ತಡ, ತಾಪಗಳನ್ನು ಅಳೆದು ಪ್ರತಿ ಸಿಲಿಂಡರಿನ ಕಿಡಿಯ ಕ್ಷಣವನ್ನು ಪ್ರತ್ಯೇಕವಾಗಿ ನಿರ್ಧರಿಸಬಲ್ಲದು. ಪಾಯಿಂಟು, ಡಿಸ್ಟ್ರಿಬ್ಯೂಟರುಗಳು ಮಾಯವಾಗಿವೆ. ಕಾಯಿಲ್ ಮಾತ್ರ ಉಳಿದು, ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕುಳಿತಿದೆ. ಸೀಸ ಬೆರೆತ ಪೆಟ್ರೋಲಿನ ಮಾರಾಟ ಅಮೆರಿಕದ ರಸ್ತೆ ವಾಹನಗಳಿಗೆ 1996ರಲ್ಲಿ, ಭಾರತದಲ್ಲಿ 2000ದ ಫೆಬ್ರವರಿಯಲ್ಲಿ ನಿಂತಿತು. 2021ರಲ್ಲಿ ಅಲ್ಜೀರಿಯ ಕೊನೆಯದಾಗಿ ಅದನ್ನು ಕೈಬಿಟ್ಟಿತು.